ಒಳಚಿಲಕ

ಸೇತುವೆ ಆಗುವುದಿಲ್ಲ ಎಂದು ಮಂಜುನಾಥಪ್ಪ ಹೇಳಿದಾಗ ಹೊಳೆಬಾಗಿಲಿನಲ್ಲಿ ಒಬ್ಬರೂ ನಗಲಿಲ್ಲ. ನಗುವಂಥ ಮಾತೂ ಅದಾಗಿರಲಿಲ್ಲ. ಹಿನ್ನೀರಿನ ದಡದಲ್ಲಿ ಹುಟ್ಟಿದವರೆಲ್ಲ ಆ ಸೇತುವೆಯ ಸುದ್ದಿಯನ್ನು ತೊಟ್ಟಿಲಲ್ಲೇ ಕೇಳಿದವರು. ಚುನಾವಣೆ ಬಂದಾಗಲೆಲ್ಲ ಒಬ್ಬ ಬಂದು ನೀರಿನ ಕಡೆ ಕೈ ಚಾಚಿ, ಇಲ್ಲಿಂದ ಅಲ್ಲಿಗೆ ಎಂದು ಗಾಳಿಯಲ್ಲಿ ಗೆರೆ ಎಳೆದು, ಮಂಜುನಾಥಪ್ಪನ ಹೋಟೆಲಿನಲ್ಲೇ ಚಹಾ ಕುಡಿದು, ಮೂತಿ ಒರೆಸಿಕೊಂಡು ಹೋಗುತ್ತಿದ್ದ. ಹಾಗೆ ಗೆರೆ ಎಳೆದವರಲ್ಲಿ ಕೆಲವರು ಸತ್ತೂ ಹೋಗಿದ್ದರು.

ಸಾಗರದಿಂದ ಬರುವ ರಸ್ತೆ ನೀರಿಗಿಳಿದು ಮುಗಿದುಹೋಗುವ ಜಾಗವೇ ಹೊಳೆಬಾಗಿಲು. ಅಲ್ಲಿಂದ ಮುಂದೆ ಶರಾವತಿಯ ಹಿನ್ನೀರು. ಆಚೆ ದಡದಲ್ಲಿ ತುಮರಿ, ಬ್ಯಾಕೋಡು, ಸಿಗಂದೂರಿನ ದೇವಸ್ಥಾನ. ದಾಟಬೇಕಾದರೆ ಲಾಂಚು ಬರಬೇಕು, ಲಾಂಚು ಬರುವವರೆಗೆ ಕಾಯಬೇಕು, ಕಾಯುವವನಿಗೆ ಹಸಿವಾಗುತ್ತದೆ. ಮಂಜುನಾಥಪ್ಪನ ಹೋಟೆಲು ನಿಂತದ್ದೇ ಆ ಹಸಿವಿನ ಮೇಲೆ. ದೇವಿಯ ದರ್ಶನಕ್ಕೆ ಹೋಗುವಾಗ ಕೈಮುಗಿದುಕೊಂಡು ಇಡ್ಲಿ, ಅವಲಕ್ಕಿ ತಿನ್ನುತ್ತಿದ್ದ ಜನ ವಾಪಸು ಬರುವಾಗ ಬೆಂಚಿನ ಮೇಲೆ ಕಾಲು ಚಾಚಿ, "ಮೀನು ಎಂತದು ಐತೆ ಇವತ್ತು?" ಎನ್ನುತ್ತಿದ್ದರು. ಅದಕ್ಕೇ ಬಾಗಿಲು ಒಂದಾದರೂ ಒಲೆ ಎರಡು. ಹೆಂಡತಿ ಸುಚಿತ್ರಾ ಈ ಒಲೆಯ ಸೌಟು ಆ ಒಲೆಗೆ ಹೋಗದಂತೆ ಕಾಯುತ್ತಿದ್ದಳು.

ಹೋಟೆಲು ಹಾಕಿದವನು ಅಪ್ಪ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವನು. ಗೇಣಿಗೆ ಮಾಡುತ್ತಿದ್ದ ಗದ್ದೆ, ಗುಡಿಸಲು, ಕೊಟ್ಟಿಗೆ ಎಲ್ಲ ನೀರಿನಡಿ ಹೋಯಿತು. ಬೇರೆ ಕಡೆ ಜಮೀನು ಕೊಡುತ್ತೇವೆ ಎಂದವರು ಲಾರಿ ಹತ್ತಿಸಿ ಕಾಡಿನಲ್ಲಿ ಇಳಿಸಿ ಹೋದರು. ಜಮೀನಿನ ಕಾಗದ ಅಪ್ಪ ಸಾಯುವವರೆಗೂ ಬರಲಿಲ್ಲ. ಅವನು ಅಲ್ಲಿ ಇರಲಾರದೆ ಸಿಟ್ಟಿನಲ್ಲಿ ವಾಪಸು ಬಂದು, ತನ್ನ ಊರನ್ನು ನುಂಗಿದ ನೀರಿನ ದಡದಲ್ಲೇ ನಾಲ್ಕು ಗಳ ನೆಟ್ಟು ಚಹಾ ಕಾಯಿಸಿದ. ಮಕ್ಕಳಿಗೆ ಅವನು ಬಿಟ್ಟುಹೋದದ್ದು ಆ ಜಾಗ ಮತ್ತು ಒಂದು ಮಾತು: "ಸರ್ಕಾರದೋರು ಕಸ್ಕೊಳ್ತೀವಿ ಅಂದ್ರೆ ನಂಬು. ಕೊಡ್ತೀವಿ ಅಂದ್ರೆ ನಂಬಬ್ಯಾಡ."

ಮಂಜುನಾಥಪ್ಪ ಆ ಮಾತನ್ನು ಜನಿವಾರದಂತೆ ಮೈಮೇಲೆ ಹಾಕಿಕೊಂಡೇ ಬೆಳೆದ. ಜನಿವಾರ ಅವರ ಮನೆತನಕ್ಕೆ ಇರಲಿಲ್ಲ, ಇದ್ದದ್ದು ಇದೊಂದೇ.

ಅವನಿಗೆ ಒಬ್ಬಳೇ ತಂಗಿ, ಮಹಾಲಕ್ಷ್ಮೀ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ಕಾರ್ಗಲ್ಲಿನ ಒಂದು ಮೆಸ್ಸಿನಲ್ಲಿ ಅಡುಗೆಗೆ ಸೇರಿ ಅಲ್ಲೇ ತಲೆ ಹಣ್ಣು ಮಾಡಿಕೊಂಡಳು. ಮಲಗಲು ಅವಳಿಗೆ ಕೊಟ್ಟದ್ದು ಅಡುಗೆಮನೆಯ ಹಿಂದಿನ ಉಗ್ರಾಣ. ಬಾಗಿಲಿಗೆ ಹೊರಗೆ ಬೀಗ ಹಾಕುವ ಕೊಂಡಿ ಇತ್ತು, ಒಳಗೆ ಚಿಲಕ ಇರಲಿಲ್ಲ. ನಸುಕಿನಲ್ಲಿ ಹಾಲಿನವನು, ಆಮೇಲೆ ತರಕಾರಿಯವನು, ಅಕ್ಕಿ ಅಳೆಯುವವನು, ಎಲ್ಲರೂ ಅವಳ ಚಾಪೆಯ ಪಕ್ಕದಲ್ಲೇ ದಾಟಿ ಹೋಗಬೇಕು. ಅವಳು ಸೀರೆಯನ್ನು ಪಾದದವರೆಗೆ ಬಿಗಿದುಕೊಂಡು, ಎಲ್ಲರಿಗಿಂತ ಮೊದಲೇ ಎದ್ದು ಕೂತಿರುತ್ತಿದ್ದಳು.

ಪ್ರತಿ ದೀಪಾವಳಿಗೆ ತವರಿಗೆ ಬರುವಾಗ ವರ್ಷದ ಉಳಿತಾಯವನ್ನು ಸೆರಗಿನ ಗಂಟಿನಲ್ಲಿ ತಂದು ಅಣ್ಣನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಅಪ್ಪನ ಫೋಟೋದ ಮುಂದಿಟ್ಟು, ಹಬ್ಬ ಮುಗಿದ ಮೇಲೆ ಬ್ಯಾಂಕಿಗೆ ಹಾಕುತ್ತಿದ್ದ. ಯಾರ ಹೆಸರಿಗೆ ಎಂದು ಅವಳು ಕೇಳಲಿಲ್ಲ. ಅವರ ಕಡೆ ಹಾಗೆ ಕೇಳುವ ಪದ್ಧತಿ ಇಲ್ಲ. ಅಣ್ಣನ ಕೈಗೆ ಕೊಟ್ಟದ್ದನ್ನು ಹೆಣ್ಣು ವಾಪಸು ಕೇಳಿದರೆ ತವರಿನ ಒಲೆ ಆರಿತು ಎಂದು ಸಾರಿದ ಹಾಗೆ. ಹೊತ್ತು ನೋಡಿ ಅಣ್ಣನೇ ಕೊಡಬೇಕು.

ಒಂದೇ ಒಂದು ಸಲ, ಒಂದು ದೀಪಾವಳಿಯ ಸಂಜೆ, ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತ ಅವಳು ಹೇಳಿದಳು.

"ಅಣ್ಣ, ತಾಳಗುಪ್ಪದ ಹತ್ರ ಒಂದು ಮನೆ ಮಾರಕ್ಕೆ ಐತಂತೆ. ಎರಡೇ ಕೋಣೆ. ಬಾವಿ ಐತೆ."

"ನಿಂಗ್ಯಾಕೆ ಈಗ ಮನೆ? ಇದು ಯಾರ ಮನೆ?"

"ಇದು ನಂದೇ. ಇಲ್ಲ ಅಂದೋರ್ಯಾರು." ಅವಳು ಹೋಳಿಗೆ ಮಗುಚಿದಳು. "ಒಂದ್ ದಿನ ನನ್ ಬಾಗ್ಲಿಗೆ ನಾನೇ ಚಿಲಕ ಹಾಕ್ಕೊಂಡು ಮಲಗಬೇಕು ಅಂತ ಆಸೆ ಮಾರಾಯ. ಅಷ್ಟೇ. ಹಾಲಿನವ ಬಂದು ಬಡೀಬೇಕು, ನಾ ತಡಿ ಅನ್ನಬೇಕು."

ಸುಚಿತ್ರಾ ನಕ್ಕಳು. ಮಂಜುನಾಥಪ್ಪನೂ ನಕ್ಕ. "ಆಯ್ತು, ಬರೋ ವರ್ಷ ನೋಡಾಣ" ಎಂದ. ಸುಳ್ಳು ಹೇಳಿದ್ದಲ್ಲ. ಆ ಹೊತ್ತಿಗೆ ಅವನ ಮನಸ್ಸಿನಲ್ಲೂ ಬರುವ ವರ್ಷವೇ ಇತ್ತು.

ಬರುವ ವರ್ಷಕ್ಕೆ ಸೇತುವೆಯ ಕೆಲಸ ಶುರುವಾಯಿತು.

ಶುರುವಾದದ್ದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕಲ್ಲು ಹಾಕುತ್ತಾರೆ, ಪೂಜೆ ಮಾಡುತ್ತಾರೆ, ಹೋಗುತ್ತಾರೆ. ಆದರೆ ಈ ಸಲ ಹೋಗಲಿಲ್ಲ. ಯಂತ್ರಗಳು ಬಂದವು, ಯಾವ್ಯಾವುದೋ ರಾಜ್ಯದ ಹುಡುಗರು ತಗಡಿನ ಶೆಡ್ಡು ಹಾಕಿಕೊಂಡು ದಡದಲ್ಲಿ ಬೀಡುಬಿಟ್ಟರು. ಆ ಹುಡುಗರಿಗೂ ಹೊಟ್ಟೆ ಇತ್ತಲ್ಲ. ಬೆಳಗಾದರೆ ಮಂಜುನಾಥಪ್ಪನ ಹೋಟೆಲು ತುಂಬಿ, ಬೆಂಚು ಸಾಲದೆ ಮೆಟ್ಟಿಲ ಮೇಲೂ ಜನ. ಅನ್ನದ ಪಾತ್ರೆ ದೊಡ್ಡದಾಯಿತು. ಮೊಟ್ಟೆ ಟ್ರೇಗಟ್ಟಲೆ ಬಂತು. ಅವನ ಜನ್ಮದಲ್ಲಿ ಅಂಥ ವ್ಯಾಪಾರ ಕಂಡಿರಲಿಲ್ಲ.

ಕೈಯಲ್ಲಿ ದುಡ್ಡು ಆಡಿದಾಗ ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಎಲ್ಲಿಲ್ಲದ ನಂಬಿಕೆ ಬರುತ್ತದೆ. ಮಂಜುನಾಥಪ್ಪನಿಗೂ ಬಂತು. ಲಾಂಚು ತಪ್ಪಿದವರು ರಾತ್ರಿ ಕಾರಿನಲ್ಲೇ ಮುದುಡಿ ಮಲಗುವುದನ್ನು ಅವನು ವರ್ಷಗಟ್ಟಲೆ ನೋಡಿದ್ದ. ಹೋಟೆಲಿನ ಮೇಲೆ ಸ್ಲ್ಯಾಬು ಹಾಕಿ ಸಾಲಾಗಿ ಕೋಣೆ ಕಟ್ಟಿದರೆ? ಇಂಥ ಯೋಚನೆ ಮಾಡಿದ್ದೇ ತಾನೊಬ್ಬ ಎಂದು ಹೆಮ್ಮೆಪಟ್ಟ.

"ಈ ಹುಡುಗ್ರು ಬಂದಿದ್ದು ಎಂತಕ್ಕೆ?" ಎಂದಳು ಸುಚಿತ್ರಾ.

"ಎಂತಕ್ಕೆ ಅಂದ್ರೆ?"

"ಸೇತುವೆ ಕಟ್ಟಕ್ಕೆ ತಾನೆ? ಅವ್ರು ನಮ್ಮಲ್ಲಿ ಉಂಡಷ್ಟೂ ಸೇತುವೆ ಬೇಗ ಆಗ್ತದೆ. ಆದ್ಮೇಲೆ ಇಲ್ಲಿ ಯಾರು ಕಾಯ್ತಾರೆ, ಯಾರು ಮಲಗ್ತಾರೆ?"

"ನೀ ಹೊಸನಗರದ ಪ್ಯಾಟೆಯೋಳು. ನಿಂಗೆ ಹೊಳೆ ಗೊತ್ತಿಲ್ಲ. ಕಂಬ ನಿಂತ ಕೂಡ್ಲೆ ಸೇತುವೆ ಆಗಲ್ಲ. ಆಮೇಲೆ ದುಡ್ಡು ಮುಗೀತದೆ, ಕೋರ್ಟಿಗೆ ಹೋಗ್ತಾರೆ, ಸರ್ಕಾರ ಬೀಳ್ತದೆ. ನಮ್ ಮೊಮ್ಮಕ್ಕಳ ಕಾಲಕ್ಕೆ ನೋಡು."

"ಕಣ್ಣಿಗೆ ಕಾಣ್ತಾ ಐತಲ್ಲ!"

"ಅಪ್ಪಂಗೂ ಜಮೀನು ಕಣ್ಣಿಗೆ ಕಂಡಿತ್ತು" ಎಂದು ಗದರಿದ. ಅಲ್ಲಿಗೆ ಮಾತು ಮುಗಿಯಿತು. ಅಪ್ಪನ ಹೆಸರು ಬಂದರೆ ಆ ಮನೆಯಲ್ಲಿ ಮಾತು ಮುಗಿದಂತೆಯೇ.

ಕೋಣೆ ಕಟ್ಟಲು ಅವನ ದುಡ್ಡು ಸಾಲಲಿಲ್ಲ. ಸಾಲ ಮಾಡುವುದು ಅವನಿಗೆ ಆಗದ ಮಾತು. ಬ್ಯಾಂಕಿನವನ ಮುಂದೆ ಕೈಕಟ್ಟಿ ನಿಲ್ಲುವ ಜಾತಿ ತನ್ನದಲ್ಲ ಎನ್ನುತ್ತಿದ್ದ. ತಂಗಿಯ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಅದು ತಂಗಿಯದು ಎಂಬುದನ್ನು ಅವನೇನೂ ಮರೆಯಲಿಲ್ಲ. ತಾಳಗುಪ್ಪದ ಎರಡು ಕೋಣೆಯಿಂದ ಅವಳಿಗೆ ಎಂತ ಬರುತ್ತದೆ? ಇಲ್ಲಿ ಹಾಕಿದರೆ ಬೆಳೆಯುತ್ತದೆ. ನಾಕು ವರ್ಷ ಬಿಟ್ಟು ಎರಡರ ಜಾಗದಲ್ಲಿ ನಾಕು ಕೋಣೆಯ ಮನೆ ಕೊಡಿಸಿದರಾಯಿತು. ಅವಳನ್ನು ಒಂದು ಮಾತು ಕೇಳಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಅವಳು ಕೇಳುವ ಪದ್ಧತಿ ಹೇಗೆ ಇರಲಿಲ್ಲವೋ, ಅವಳನ್ನು ಕೇಳುವ ಪದ್ಧತಿಯೂ ಇರಲಿಲ್ಲ.

ಬ್ಯಾಂಕಿನಿಂದ ಆ ದುಡ್ಡು ತೆಗೆದ, ಮಹಡಿ ಎದ್ದಿತು. ತೀರ್ಥಹಳ್ಳಿಯಿಂದ ಮಂಚ ಬಂದವು. ಬಾಗಿಲುಗಳಿಗೆ ಹಸಿರು ಬಣ್ಣ, ಬಣ್ಣದ ಮೇಲೆ ಬಿಳಿ ನಂಬರು. ಒಳಗೆ ಹಿತ್ತಾಳೆಯ ಗಟ್ಟಿ ಚಿಲಕ. ಚಿಲಕದಲ್ಲಿ ಕಂಜೂಸುತನ ಮಾಡಬಾರದು, ಹೆಂಗಸರು ಮಕ್ಕಳು ಮಲಗುವ ಜಾಗ ಎಂದು ಸಾಗರದ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯದನ್ನು ಆರಿಸಿ ತಂದ.

ಬಣ್ಣ ಒಣಗುವ ಮೊದಲೇ ಪಕ್ಕದ ಸೋಡಾ ಅಂಗಡಿಯ ಸಚಿನ್ ಬಂದ. ಮಂಜುನಾಥಪ್ಪನ ಅರ್ಧ ವಯಸ್ಸಿನವನು, ಚುರುಕು.

"ಮಂಜಣ್ಣ, ಆಚೆ ದಡದಾಗೆ ಹೊಸ ರಸ್ತೆ ಬದಿಗೆ ಜಾಗ ನೋಡೀನಿ. ನನ್ನೊಬ್ಬನ ಕೈಲಿ ಆಗಲ್ಲ. ಈ ಮಂಚ ಗಿಂಚ ಎಲ್ಲ ಮಾರಿ ನೀವು ಅರ್ಧ ಬನ್ನಿ. ಸುಚಿತ್ರಕ್ಕನ ಕೈ ಅಡುಗೆ, ನನ್ನ ಓಡಾಟ."

"ನಮ್ಮಪ್ಪ ಕೂತ ಜಾಗ ಬಿಟ್ಟು ನಿನ್ನ ಬಾಲ ಹಿಡ್ಕೊಂಡು ಬರ್ಲೇನೋ?"

"ನಿಮ್ಮಪ್ಪ ಇಲ್ಲಿ ಕೂತಿದ್ದು ಜನ ಇಲ್ಲಿ ನಿಲ್ತಿದ್ರು ಅಂತ. ಜನ ನಿಲ್ಲದಿದ್ರೆ ಅವ್ರೂ ಎದ್ದು ಹೋಗ್ತಿದ್ರು. ನಿಮಗಿಂತ ಬುದ್ಧಿವಂತ್ರು ಅವ್ರು."

ಮಂಜುನಾಥಪ್ಪನ ಕೈಯಲ್ಲಿದ್ದ ಚಹಾದ ಲೋಟ ಸಚಿನ್ನನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. "ಆ ಸೇತುವೆ ಮೇಲೆ ನಾ ಕಾಲಿಟ್ರೆ ನಮ್ಮಪ್ಪನ ಮಗನೇ ಅಲ್ಲ, ಹೋಗೋ!" ಎಂದು ಲಾಂಚಿನವರೆಗೆ ಕೇಳುವಂತೆ ಕೂಗಿದ. ಸಚಿನ್ ಅಂಗಿಯ ಮೇಲಿನ ಚಹಾ ಒರೆಸಿಕೊಂಡು ಹೋದ. ಆ ತಿಂಗಳೇ ತನ್ನ ಸೋಡಾ ಅಂಗಡಿ ಬಿಚ್ಚಿ ಆಚೆಗೆ ಸಾಗಿಸಿದ, ಅದೂ ಲಾಂಚಿನಲ್ಲೇ.

ಸೇತುವೆ ಆಯಿತು.

ಉದ್ಘಾಟನೆಯ ದಿನ ಮಂಜುನಾಥಪ್ಪ ಎಂದಿನಂತೆ ಹಿಟ್ಟು ರುಬ್ಬಿಸಿದ. ಜನವೆಲ್ಲ ಅತ್ತ ಹೋಗಿ ಫೋಟೋ ತೆಗೆಸಿಕೊಂಡರು. ಲಾಂಚು ದಡದಲ್ಲಿ ಕಟ್ಟಿಹಾಕಿದ ಎಮ್ಮೆಯಂತೆ ನಿಂತಿತು. ಹೊಸ ರಸ್ತೆ ಹಳೆಯ ದಾರಿಯಿಂದ ಮೇಲೆಯೇ ಕವಲೊಡೆದು ಸೇತುವೆಗೆ ಸೇರುತ್ತಿತ್ತು. ಇಳಿಜಾರಿನ ಕೆಳಗಿನ ಹೋಟೆಲಿಗೆ ಗಾಡಿಗಳ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟು ಗಾಡಿ! ಅಷ್ಟು ಜನ ಯಾವತ್ತೂ ದೇವಸ್ಥಾನಕ್ಕೆ ಹೋದದ್ದಿಲ್ಲ. ಒಬ್ಬರೂ ನಿಲ್ಲಲಿಲ್ಲ. ಕಾಯುವುದಕ್ಕೆ ಎಂತ ಇತ್ತು?

ಆದರೂ ಅವನು ಹಿಟ್ಟು ಕಮ್ಮಿ ಮಾಡಲಿಲ್ಲ. ಇವತ್ತಲ್ಲ ನಾಳೆ ಸೇತುವೆಯಲ್ಲಿ ಎಂತಾದರೂ ಕೆಡುತ್ತದೆ, ಲಾಂಚು ಬಿಡುತ್ತಾರೆ ಎಂದ. ಸುಚಿತ್ರಾ ಉಳಿದ ಇಡ್ಲಿಯನ್ನು ಆಕಳ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಕಡೆಗೆ ಒಂದು ಬೆಳಿಗ್ಗೆ ಅವಳೇ ಅಕ್ಕಿ ನೆನೆಹಾಕದೆ ಬಿಟ್ಟಳು. ಅವನು ರುಬ್ಬುವ ಯಂತ್ರದ ಮುಂದೆ ಸುಮ್ಮನೆ ನಿಂತ.

ಅಂದು ಖಾಲಿ ಬೆಂಚಿನ ಮೇಲೆ ಕೂತು ಅಪ್ಪನ ಫೋಟೋ ನೋಡುತ್ತಿದ್ದವನಿಗೆ ಒಂದು ವಿಷಯ ಹೊಳೆಯಿತು. ಕೊಡ್ತೀವಿ ಅಂದ್ರೆ ನಂಬಬ್ಯಾಡ ಎಂಬುದನ್ನು ಅವನು ಗಟ್ಟಿಯಾಗಿ ಹಿಡಿದಿದ್ದ. ಅದರ ಹಿಂದಿನ ಮಾತನ್ನು ಬಿಟ್ಟಿದ್ದ. ಸೇತುವೆ ಆಚೆಯವರಿಗೆ ಕೊಡುವುದಾಗಿತ್ತು. ಅವನಿಗೆ ಅದು ಕಸಿದುಕೊಳ್ಳುವುದು. ಕಸ್ಕೊಳ್ತೀವಿ ಅಂದರೆ ನಂಬು ಎಂದು ಅಪ್ಪ ಸ್ಪಷ್ಟವಾಗಿ ಹೇಳಿದ್ದ. ಕಂಬ ಕಂಬವೂ ಅದನ್ನೇ ಹೇಳುತ್ತ ನೀರಿನಿಂದ ಎದ್ದು ನಿಂತಿತ್ತು. ಅವನು ಆ ಕಂಬ ಕಟ್ಟುವವರಿಗೆ ಅನ್ನ ಬಡಿಸಿ, ಬಂದ ದುಡ್ಡಿಗೆ ತಂಗಿಯದನ್ನೂ ಸೇರಿಸಿ ಮಹಡಿ ಕಟ್ಟಿಸಿದ್ದ.

ಮಳೆಗಾಲ ಕಳೆಯುವ ಮೊದಲೇ ಕಾರ್ಗಲ್ಲಿನ ಮೆಸ್ಸು ಮುಚ್ಚಿತು. ಉಣ್ಣುವ ಜನ ಕಮ್ಮಿಯಾಗಿದ್ದರಂತೆ. ಮಹಾಲಕ್ಷ್ಮೀ ಒಂದು ಟ್ರಂಕು, ಒಂದು ಚಾಪೆ ಹಿಡಿದುಕೊಂಡು ಬಂದಳು. ಮೇಲಿನ ರಸ್ತೆಯಲ್ಲಿ ಬಸ್ಸಿಳಿದು ನಡೆದೇ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಊಟ ಆಯಿತು. ಕೈ ತೊಳೆದು ಬಂದು ಅವಳೇ ಮೆಲ್ಲಗೆ, "ಆ ತಾಳಗುಪ್ಪದ್ದು ಯಾರೋ ತಗೊಂಡ್ರಂತೆ. ಬೇರೆ ಎಲ್ಲಾದ್ರೂ ಸಣ್ಣದು..." ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ದುಡ್ಡು ಎಂಬ ಶಬ್ದ ಅವಳ ಬಾಯಿಂದ ಬರಲಿಲ್ಲ.

ಮಂಜುನಾಥಪ್ಪ ಎದ್ದ. "ಬಾ" ಎಂದ.

ಮೆಟ್ಟಿಲು ಹತ್ತಿಸಿ, ಸಾಲಿನ ಕೊನೆಯ ಕೋಣೆಯ ಬಾಗಿಲು ತೆಗೆದ. ಒಳಗೆ ಮಂಚದ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಕಿಟಕಿಯ ತುಂಬ ಸೇತುವೆ.

"ಇದೇ" ಎಂದ.

"ಎಂತದು?"

"ನಿನ್ ಮನೆ. ನಿನ್ ದುಡ್ಡು. ಎಲ್ಲ ಇಲ್ಲೇ ಐತೆ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಬಾಗಿಲಿನ ಬಿಳಿ ನಂಬರು ನೋಡಿದಳು, ಸಾಲಾಗಿದ್ದ ಬೇರೆ ಬಾಗಿಲುಗಳನ್ನು ನೋಡಿದಳು. ಅವನು ಬೈಗುಳಕ್ಕೆ ಕಾಯುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯುವುದು ಅವನಿಗೆ ಬರುತ್ತಿದ್ದ ಕೆಲಸ. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಚಿಲಕ ಸರಿದ ಸದ್ದಾಯಿತು. ಮತ್ತೆ ತೆಗೆದ ಸದ್ದು. ಮತ್ತೆ ಹಾಕಿದ ಸದ್ದು. ಅವನು ಹೊರಗೆ ಗೋಡೆಗೆ ಒರಗಿ ನಿಂತಿದ್ದ.

ಹೊರಗೆ ಬಂದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಚಿಲಕ ಲಾಯ್ಕ ಐತೆ ಅಣ್ಣ" ಎಂದಳು.

ಆ ಕೋಣೆಯಲ್ಲಿ ಅವಳು ದಸರಾವರೆಗೆ ಇದ್ದಳು. ಕೆಳಗೆ ಒಂದೇ ಒಲೆ ಉರಿಯುತ್ತಿತ್ತು, ಅದೂ ಮನೆಯವರಿಗಾಗಿ. ಬಡಿಸುವಾಗ ಸುಚಿತ್ರಾ ತನ್ನ ತಟ್ಟೆಗೆ ಕಡಿಮೆ ಹಾಕಿಕೊಳ್ಳುವುದನ್ನು ಮಹಾಲಕ್ಷ್ಮೀ ನೋಡಿದಳು. ಜೀವಮಾನವೆಲ್ಲ ಪಂಕ್ತಿಗೆ ಬಡಿಸಿದವಳ ಕಣ್ಣಿಗೆ ಅದು ತಪ್ಪುತ್ತದೆಯೇ? ಒಂದು ಬೆಳಿಗ್ಗೆ ಟ್ರಂಕು ಕೆಳಗೆ ಬಂತು.

"ಎಲ್ಲಿಗೆ?"

"ಸಚಿನ್ ಹೋಟೆಲಿಗೆ ಅಡುಗೆಯೋರು ಬೇಕಂತೆ."

"ಆ ಬೋಳಿಮಗನ ಹೋಟೆಲಿಗಾ? ನನ್ ತಂಗಿ ಅವನ ಒಲೆ ಊದಬೇಕಾ?"

"ಗ್ಯಾಸು ಅಣ್ಣ. ಊದೋದೆಂತ ಇಲ್ಲ." ಅವಳು ನಕ್ಕಳು. ಆಮೇಲೆ ನಗು ಬಿಟ್ಟು, "ಕೈ ಆಡೋವರೆಗೆ ದುಡ್ಕೊಂಡು ತಿಂತೀನಿ. ನೀ ಬ್ಯಾಡ ಅನ್ನಬ್ಯಾಡ" ಎಂದಳು.

ಅವನೇ ಟ್ರಂಕನ್ನು ಮೇಲಿನ ರಸ್ತೆಯವರೆಗೆ ಹೊತ್ತು ಕೊಟ್ಟ. ಬಸ್ಸು ಅವಳನ್ನು ಹತ್ತಿಸಿಕೊಂಡು ಸೇತುವೆಯ ಮೇಲೆ ಹೋಗಿ ಸಣ್ಣದಾಯಿತು.

ದೀಪಾವಳಿಗೆ ಅವಳು ಬರಲಿಲ್ಲ. ಹಬ್ಬದಲ್ಲೇ ಹೋಟೆಲಿಗೆ ರಶ್ಶು, ಬಿಡಲಿಕ್ಕಾಗುವುದಿಲ್ಲ ಎಂದು ಫೋನು ಮಾಡಿದಳು. ಮಂಜುನಾಥಪ್ಪ ಅಪ್ಪನ ಫೋಟೋದ ಮುಂದೆ ದೀಪ ಹಚ್ಚಿ, ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿದ. ಸುಚಿತ್ರಾ ಹೋಳಿಗೆ ಕಟ್ಟಿ ಕೊಟ್ಟಳು.

ಬಸ್ಸು ಹತ್ತಲು ಅವನಿಗೆ ಮನಸ್ಸು ಬರಲಿಲ್ಲ. ಸೇತುವೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಕಾಲಿಟ್ಟ. ಏನೂ ಆಗಲಿಲ್ಲ. ಗಾಳಿ ಬೀಸುತ್ತಿತ್ತು. ಜನ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತಿದ್ದರು. ಒಬ್ಬ, "ಅಜ್ಜಾ, ಸ್ವಲ್ಪ ಆಚೆ ಸರೀರಿ" ಎಂದ. ಅವನು ಸರಿದ. ಕೆಳಗೆ ಎಲ್ಲೋ ಅಪ್ಪನ ಊರಿತ್ತು.

ಸಚಿನ್ನನ ಹೋಟೆಲು ಹಸಿದವರಿಂದ ತುಂಬಿತ್ತು. ಗಲ್ಲಾದಲ್ಲಿ ಕೂತಿದ್ದ ಸಚಿನ್ ಎದ್ದು ನಿಂತು, "ಬನ್ನಿ ಮಂಜಣ್ಣ" ಎಂದ, ಅಷ್ಟೇ. ಚುಚ್ಚು ಮಾತು ಆಡಲಿಲ್ಲ. ಆಡಿದ್ದರೆ ಮಂಜುನಾಥಪ್ಪನಿಗೆ ಹಗುರಾಗುತ್ತಿತ್ತು. ಬೇರೆಯವರ ಜೊತೆ ಪಂಕ್ತಿಯಲ್ಲಿ ಕೂತ. ಅನ್ನ, ಸಾರು, ಹುರಿದ ಮೀನು. ಮೊದಲ ತುತ್ತಿಗೇ ತಂಗಿಯ ಕೈ ಗೊತ್ತಾಯಿತು. ಅವ್ವನ ಸಾರು ಅದು. ಪಕ್ಕದವನು ಮತ್ತೆ ಮತ್ತೆ ಹಾಕಿಸಿಕೊಂಡ.

ಊಟದ ಗಡಿಬಿಡಿ ಮುಗಿದ ಮೇಲೆ ಅವಳು ಅವನನ್ನು ಹಿಂದೆ ಕರೆದುಕೊಂಡು ಹೋಗಿ ಕೂರಿಸಿದಳು. ಅಕ್ಕಿ ಚೀಲ, ಎಣ್ಣೆ ಡಬ್ಬ, ಗ್ಯಾಸಿನ ಸಿಲಿಂಡರು. ನಡುವೆ ಅದೇ ಚಾಪೆ, ಅದೇ ಟ್ರಂಕು. ಅವನು ಬಾಗಿಲ ಕಡೆ ತಿರುಗಿ ನೋಡಿದ. ಒಳಗೆ ಚಿಲಕ ಇರಲಿಲ್ಲ.

"ಅತ್ತಿಗೆ ಮಾಡಿದ ಹೋಳಿಗೆನಾ? ಕಣಕ ಗಟ್ಟಿ ಮಾಡ್ತಾಳೆ ಯಾವಾಗ್ಲೂ" ಎನ್ನುತ್ತ ಅವಳು ತಿಂದಳು.

ಮನೆಗೆ ಬಂದವನೇ ಸ್ಕ್ರೂಡ್ರೈವರು ಹುಡುಕಿ ಮೆಟ್ಟಿಲು ಹತ್ತಿದ. ಕೊನೆಯ ಕೋಣೆಯ ಹಿತ್ತಾಳೆ ಚಿಲಕವನ್ನು ಬಿಚ್ಚಿದ. ಸ್ಕ್ರೂ ಬಿಗಿಯಾಗಿತ್ತು, ಕೈಯ ಚರ್ಮ ಕಿತ್ತಿತು. ಬೆಳಗಾಗುತ್ತಲೇ ಮತ್ತೆ ಸೇತುವೆ ದಾಟಿದ.

ಮಹಾಲಕ್ಷ್ಮೀ ಚಿಲಕವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಸರಿಸಿ ನೋಡಿದಳು. ಒಂದು ಗಳಿಗೆ ಅವಳ ಮುಖ ಎಳೆಯ ಹುಡುಗಿಯ ಮುಖದಂತೆ ಆಯಿತು. ಆಮೇಲೆ ಅದನ್ನು ಅವನ ಅಂಗಿಯ ಜೇಬಿಗೇ ಹಾಕಿದಳು.

"ಬ್ಯಾಡ ಅಣ್ಣ."

"ಎಂತಕ್ಕೆ? ಸಚಿನ್ನಂಗೆ ನಾ ಹೇಳ್ತೀನಿ. ಕಾಲು ಹಿಡೀತೀನಿ ಬೇಕಾರೆ."

"ಅವ ಎಂತ ಅನ್ನಲ್ಲ, ಪಾಪ. ನಸುಕಿಗೆ ಹಾಲಿನವ ಬರ್ತಾನೆ, ಸಾಮಾನು ಇಳಿಸೋರು ಬರ್ತಾರೆ. ಒಳಗಿಂದ ಚಿಲಕ ಹಾಕಿದ್ರೆ ಕೆಲಸ ಸಾಗಲ್ಲ." ಬಾಗಿಲ ಕಡೆ ನೋಡಿ, "ಅಭ್ಯಾಸ ಆಗ್ಯದೆ ನಂಗೆ. ನೀ ಇದ್ನೇ ಹಚ್ಕೋಬ್ಯಾಡ" ಎಂದಳು. ಒಳಗಿನಿಂದ ಯಾರೋ ಕೂಗಿದರು. ಅವಳು ಸೆರಗು ಸಿಕ್ಕಿಸಿಕೊಂಡು ಹೋದಳು.

ಅವನು ವಾಪಸು ಬಂದ. ಸುಚಿತ್ರಾ ಅವನ ಉಬ್ಬಿದ ಜೇಬು ನೋಡಿ ಒಲೆಯ ಕಡೆ ತಿರುಗಿದಳು. ಅವನು ಮೇಲೆ ಹೋಗಿ ಚಿಲಕವನ್ನು ಮೊದಲಿನ ಜಾಗಕ್ಕೇ ಕೂರಿಸಲು ನೋಡಿದ. ಬಿಚ್ಚುವಾಗ ಮರ ಸಿಬಿರೆದ್ದು ತೂತು ದೊಡ್ಡದಾಗಿತ್ತು. ಸ್ಕ್ರೂ ತಿರುಗಿಸಿದಷ್ಟೂ ತಿರುಗಿತು, ಹಿಡಿಯಲಿಲ್ಲ. ಬೆಂಕಿಕಡ್ಡಿ ಮುರಿದು ತುರುಕಿದ, ತೆಂಗಿನ ನಾರು ತುರುಕಿದ. ಹಿಡಿಯಲಿಲ್ಲ.

ಊಟಕ್ಕೆ ಬನ್ನಿ ಎಂದು ಕೆಳಗಿನಿಂದ ಸುಚಿತ್ರಾ ಕೂಗಿದಳು. ಅವನು ಚಿಲಕವನ್ನು ಬಾಗಿಲಿಗೆ ಒತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದ. ಕೈ ಬಿಟ್ಟರೆ ಬೀಳುತ್ತಿತ್ತು.